ಮಂಜನ ಮಂಡೆಯ ಫೋಟೊ

"ಗಂಡ ಕುಡ್ದ್ ಬಿದ್ರೆ ಅದ್ಕೂ ನಾನ್ ಪತ್ರ ಬರ್ದ್ ಕೊಡ್ಕಾ? ಹೋಗ್, ಹಡ್ಬೆ!"

ಗುಲ್ವಾಡಿ ಹೊಳೆಬದಿಯ ಸಿಗಡಿ ಕೆರೆಗಳ ಧಣಿ ಗುಣಪಾಲ ಎಲೆಯಡಿಕೆಯನ್ನು ಸರಸಳ ಕಾಲಬುಡಕ್ಕೇ ಉಗುಳಿದ. ಅವಳ ಗಂಡ ಮಂಜ ಜೊಲ್ಲು ಸುರಿಸುತ್ತ ಪಕ್ಕದಲ್ಲಿ ನಿಂತಿದ್ದ.

ನೀರಿಗೆ ಗಾಳಿ ಬೆರೆಸುವ ಕೆರೆಯ ಮೋಟಾರು ಚಕ್ರ ನಿಂತರೆ ಸಿಗಡಿ ಉಸಿರುಗಟ್ಟಿ ಸಾಯುತ್ತವೆ. ಹಾಗಾಗಿ ಚಕ್ರಕ್ಕೆ ಪಾಚಿ ಸುತ್ತಿದರೆ, ಮೋಟಾರು ಓಡುತ್ತಿರುವಾಗಲೇ ಆಳು ನೀರಿಗಿಳಿದು ಬಿಡಿಸಬೇಕು. ಹೋದ ತಿಂಗಳು ಹಾಗೆ ಇಳಿದ ಮಂಜ ಕೂಗಲೂ ಇಲ್ಲ. ಕರೆಂಟಿಗೆ ಬೆಂದ ಕೈ ಚಾಚಿಕೊಂಡು ತೇಲಿದ. ಈಗ ಉಟ್ಟ ಬಟ್ಟೆಯಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾನೆ. ಹೆಂಡತಿಯನ್ನು ತಾಯಿಯೆಂದು ತಿಳಿದು 'ಅಬ್ಬೀ' ಎನ್ನುತ್ತಾನೆ.

"ಸೀಟಿ ಸ್ಕ್ಯಾನ್ ತೆಗ್ಸಿ ಆಯ್ತಲೆ? ಮಂಡೆ ಒಳ್ಗ್ ಎಂತದೂ ಇಲ್ಲ ಅಂದ್ಹೇಳಿ ರಿಪೋರ್ಟ್ ಬಂದಿತ್," ಎಂದ ಗುಣಪಾಲ.

"ಮೊದ್ಲೂ ಎಂತ ಇರ್ಲಿಲ್ಲ ಬಿಡಿ," ಮೇಸ್ತ್ರಿ ಪದ್ದು ಹಲ್ಲು ಕಿಸಿದ.

"ನೀವ್ ಆಸ್ಪತ್ರೆಗ್ ಕೊಟ್ಟ ಚೀಟಿಯಗೆ ಕುಡ್ದ್ ಬಿದ್ದದ್ ಅಂತ ಬರ್ದ್ರಿ. ಅವ್ರ್ ಒಳ್ಗ್ ರಕ್ತ ಸೋರಿತಾ ಅಂತ ಕಂಡ್ ಬಿಟ್ರ್," ಎಂದಳು ಸರಸ. "ಕರೆಂಟಿನ್ ಪೆಟ್ಟ್ ಎಷ್ಟೋ ಸಲ ಸೀಟಿಯಗೆ ಕಾಣ್ತಿಲ್ಲ ಅಂಬ್ರ್. ಎಂಆರ್‌ಐ ಆಯ್ಕ್ ಅಂದ್ರ್ ಡಾಕ್ಟ್ರ್. ಕೆಲ್ಸದಗೆ ಕರೆಂಟ್ ಹೊಡ್ದದ್ ಅಂದ್ಹೇಳಿ ನೀವ್ ಬರ್ದ್ರೆ ಪುಕ್ಸಟೆ ಆತ್ತ್. ಅದೊಂದ್ ಬರ್ದ್ ಕೊಡಿ, ಒಡೆಯಾ."

"ಹಾಂಗ್ ಬರ್ದ್ರೆ ಪೊಲೀಸ್ರ್ ನನ್ ಮನಿಗ್ ಬತ್ರ್. ಮಂಡೆ ಸಮ ಇತ್ತಲ್ದಾ? ನಾಳಿಂದ ನೀರಿಗ್ ಇಳೀಲಿ."

"ನಾಳೆ ಎಂತಕ್?" ಪದ್ದು ಕೆರೆಯತ್ತ ಕೈ ಮಾಡಿ ಕೂಗಿದ: "ಹ್ವಾಯ್ ಮಂಜಾ! ಚಕ್ರಕ್ಕ್ ಪಾಚಿ ಸುತ್ತಿತ್, ಕಾಣ್!"

ಮಂಜ ಲುಂಗಿ ಎತ್ತಿ ಕಟ್ಟಿದ. ನೀರಿನ ಕಡೆಗೆ ನಡೆದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸರಸ ಗಂಡನ ಹಿಂದೆ ಓಡಲಿಲ್ಲ. ಶೆಡ್ಡಿಗೆ ನುಗ್ಗಿ ಮೇನ್ ಸ್ವಿಚ್ಚು ಎಳೆದಳು. ಚಕ್ರಗಳೆಲ್ಲ ನಿಂತವು. ಅಲ್ಲೇ ಗೋಡೆಗೆ ಸಿಕ್ಕಿಸಿದ್ದ ಕತ್ತಿ ಕಿತ್ತುಕೊಂಡು, ಬೋರ್ಡಿಗೆ ಬೆನ್ನು ಕೊಟ್ಟು ನಿಂತಳು.

"ಸಿಗ್ಡಿ ಸಾಯ್ತಲೆ, ರಂಡೆ! ಹಾಕ್ ಸ್ವಿಚ್ಚ್!"

"ಬರಿ."

"ಪದ್ದು, ಎಳಿ ಅವ್ಳನ್!"

ಪದ್ದು ಕತ್ತಿ ನೋಡಿದ. ಹೊಸ್ತಿಲು ದಾಟಲಿಲ್ಲ.

"ಕರೆಂಟ್ ಹೊಡ್ದದ್ ಅಂತ ಬರಿಯಾ, ಬೋಳಿಮಗನೆ!"

ಮೋಡ ಕವಿದ ಮಧ್ಯಾಹ್ನ. ಗುಣಪಾಲ ಯಾರು ಯಾರಿಗೋ ಫೋನು ಹಚ್ಚುತ್ತಲೇ ಇದ್ದ. ಗಂಟೆ ಕಳೆಯಿತು. ಕೆರೆಯ ಮಧ್ಯೆ ಎದೆಮಟ್ಟ ನೀರಿನಲ್ಲಿ ನಿಂತ ಮಂಜ, ನಿಂತ ಚಕ್ರದಿಂದ ಇಲ್ಲದ ಪಾಚಿಯನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದ. ಅವನ ಸುತ್ತ ಸಿಗಡಿಗಳು ಉಸಿರಿಗಾಗಿ ಒಂದೊಂದೇ ಮೇಲೆ ಬರತೊಡಗಿದವು.