ದೀಪದ ಹೊತ್ತಿನ ಉಸಿರು

ಓಬಳಯ್ಯ ತಮ್ಮನ ಹೆಣದ ದವಡೆ ಹಿಡಿದು ಬಲವಂತವಾಗಿ ಬಾಯಿ ಅಗಲಿಸಿದಾಗ, ಎಡಗೆನ್ನೆಯೊಳಗಿಂದ ಒಂದು ಹುಣಸೆಬೀಜ ಉರುಳಿ ಚಾಪೆಯ ಮೇಲೆ ಬಿತ್ತು. ಪಾಲಣ್ಣ ಹಿಂದಿನ ಸಂಜೆ ಜಗಲಿಯ ಮೇಲೆ ಕೂತಲ್ಲೇ ಪ್ರಾಣ ಬಿಟ್ಟಿದ್ದ.

"ಸತ್ರೂ ಬುಟ್ಟಿಲ್ಲ ನೋಡ್ಲಾ ಇದ್ನ," ಎಂದು ದಾಯಾದಿ ಅಡವಯ್ಯ ನಕ್ಕ.

ಓಬಳಯ್ಯ ಹೆಂಡದ ಕುಡಿಕೆಯನ್ನು ತಮ್ಮನ ಹೆಂಡತಿಯ ಮುಂದೆ ಹಿಡಿದ. "ತಗಾ ಮುದ್ದಕ್ಕ. ನಮ್ಮ ವಂಶ್ದಾಗೆ ಒಣಬಾಯ್ನಾಗೆ ಯಾರೂ ಮಣ್ಣಿಗೋಗಿಲ್ಲ. ಮೊದ್ಲು ಹೆಂಡ್ತಿ ಕೈಯಿಂದ ಬೀಳ್ಬೇಕು."

"ಬ್ಯಾಡ ಬಾವ. ಒಂಬತ್ತು ವರ್ಷದಿಂದ ಮುಟ್ಟಿಲ್ಲ. ಸತ್ತ ಮ್ಯಾಲೂ ಹುಯ್ಬೇಡ ಅಂತ ನನ್ ಕೈಲಿ ಆಣೆ ಹಾಕುಸ್ಕಂಡವ್ರೆ."

"ಬದುಕಿದ್ದಾಗ ಅವ್ನಿಷ್ಟ ನಡೀತು. ಈಗ ವಂಶದ ಮಾತು ಕಣಮ್ಮ."

ಚಟ್ಟಕ್ಕೆ ಹೆಗಲು ಕೊಡಬೇಕಾದ ನಾಲ್ವರು ದಾಯಾದಿಗಳೂ, ಹುಯ್ಯದೆ ಎತ್ತುವುದಿಲ್ಲವೆಂದು ಜಗಲಿಯ ಮೇಲೆ ಕೂತುಬಿಟ್ಟರು.

*

ಒಂಬತ್ತು ವರ್ಷದ ಹಿಂದೆ, ಮಧುಗಿರಿ ಸೀಮೆಗೆ ಪ್ಲೇಗ್ ಬಂದ ವರ್ಷ. ಕುಡಿದು ಬಂದ ಪಾಲಣ್ಣ ಒನಕೆ ಬೀಸಿದ್ದ. ಮುದ್ದಕ್ಕನ ಬಲಗೈಯ ಎರಡು ಬೆರಳು ಮತ್ತೆ ಮಡಿಚಲಿಲ್ಲ. ಮರುದಿನ ಕುಡಿತ ಬಿಡಲೆಂದು ಹಗ್ಗವನ್ನು ಅವನೇ ತಂದುಕೊಟ್ಟ. ಅವಳು ಅವನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದಳು. ನಾಲ್ಕು ದಿನ ನಡುಗಿದ, ವಾಂತಿ ಮಾಡಿಕೊಂಡ, ಮೈಮೇಲೆ ಇರುವೆ ಹರಿಯುತ್ತಿವೆ ಎಂದು ಅರಚಿದ, ಅವಳ ತಾಯಿಯನ್ನು ಬೈದ. ಐದನೆಯ ದಿನ ಗಂಜಿ ಕೇಳಿದ.

ಆಮೇಲಿನದು ಇನ್ನೂ ಕಷ್ಟದ್ದು. ಈಚಲ ಮರಗಳಿಂದ ಹೆಂಡದ ಗಡಿಗೆ ಇಳಿಯುವ ಹೊತ್ತಿಗೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಹುರಿದ ಹುಣಸೆಬೀಜವೊಂದನ್ನು ದವಡೆಗೆ ಇಟ್ಟುಕೊಂಡು, ಜಗಲಿಯ ಅಂಚು ಹಿಡಿದು ಕೂರುತ್ತಿದ್ದ. ದೀಪ ಹಚ್ಚಿದ ಮೇಲೆ ಮುದ್ದಕ್ಕ ಎದುರು ಬಂದು ನಿಲ್ಲುತ್ತಿದ್ದಳು.

"ಊದು."

ಅವನು ಊದುತ್ತಿದ್ದ. ಅವಳು ಮೂಸಿ ಒಳಗೆ ಹೋಗುತ್ತಿದ್ದಳು. ಒಂಬತ್ತು ವರ್ಷ ಒಂದು ಸಂಜೆಯೂ ತಪ್ಪಲಿಲ್ಲ. ಒಮ್ಮೆ ಮಾತ್ರ ಅವನು ಕೇಳಿದ್ದ:

"ಇನ್ನೂ ನಂಬ್ಕೆ ಬರ್ಲಿಲ್ವಾ?"

ಅವಳು ಬತ್ತಿ ಸರಿಮಾಡಿದ್ದಳು.

*

ಬಿಸಿಲು ಜಗಲಿಯಿಂದ ಇಳಿಯಿತು. ಹೊತ್ತು ಮುಳುಗಿದರೆ ಹೆಣ ಎತ್ತುವಂತಿಲ್ಲ. ತುಟಿಯ ಮೇಲೆ ನೊಣ ಕೂರುತ್ತಿದ್ದವು.

"ನಾಳೀಕೆ ಊದ್ಕಂಡ್ರೆ ನೀನೇ ಎಳ್ಕಂಡೋಗು," ಎಂದ ಅಡವಯ್ಯ. ಅವನು ಪಾಲಣ್ಣನ ಜೊತೆ ಕುಡಿದು ಬೆಳೆದವನು. ಆಮೇಲೆ ಪ್ರತಿ ಹಬ್ಬಕ್ಕೂ ಬಟ್ಟಲು ಹಿಡಿದು ಬಂದು, "ಸೀರೆ ಉಡುಸ್ರೋ ಇವ್ನಿಗೆ" ಎಂದು ನಗುತ್ತಿದ್ದವನು.

ಪಾಲಣ್ಣನ ತಂಗಿ ಹೊನ್ನಕ್ಕ ಹತ್ತಿರ ಬಂದು ಪಿಸುಗುಟ್ಟಿದಳು. "ಹುಯ್ದ್ಬುಡು ಅತ್ಗೆ. ಸತ್ತೋರ್ಗೆ ರುಚಿ ಗೊತ್ತಾಯ್ತದಾ?"

ಮುದ್ದಕ್ಕ ಚಾಪೆಯ ಮೇಲಿನ ಬೀಜವನ್ನು ನೋಡಿದಳು. ಅದರ ಒಂದು ಬದಿ ಸವೆದು ನುಣುಪಾಗಿತ್ತು. ಆಮೇಲೆ ಕುಡಿಕೆ ತೆಗೆದುಕೊಂಡು ಗಂಡನ ಬಾಯಿಯ ಮೇಲೆ ಹಿಡಿದಳು. ಮಡಿಚದ ಬೆರಳುಗಳ ಹಿಡಿತಕ್ಕೆ ಅದು ನಿಲ್ಲದೆ ಓರೆಯಾಯಿತು. ನಾಲ್ಕು ಹನಿ ಸಾಕಿದ್ದ ಕಡೆ ಹೆಂಡ ಬಾಯಿ ತುಂಬ ಬಿದ್ದು, ಕಟವಾಯಿಂದ ಇಳಿದು ಕಿವಿಯವರೆಗೆ ಹರಿಯಿತು.

"ಸಾಕು, ನಮ್ಗೂ ಒಸಿ ಉಳ್ಸು," ಎಂದ ಅಡವಯ್ಯ. ನಾಲ್ವರೂ ನಗುತ್ತ ಎದ್ದರು.

ಹೊನ್ನಕ್ಕ ತಲೆದೆಸೆಯ ದೀಪಕ್ಕೆ ಎಣ್ಣೆ ಹುಯ್ದು ಬತ್ತಿ ಏರಿಸಿದಳು. ಬೆಳಕು ಪಾಲಣ್ಣನ ಮುಖದ ಮೇಲೆ ಬಿತ್ತು. ಮುದ್ದಕ್ಕ ಬಾಗಿ, ಅವನ ಬಾಯಿಯ ಹತ್ತಿರ ಮೂಗು ತಂದು, ಮೂಸಿದಳು. ಒಂಬತ್ತು ವರ್ಷದ ಮೇಲೆ ಹೆಂಡದ ವಾಸನೆ.

ಆಮೇಲೆ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಗೋಡೆಯವರೆಗೂ ಹಿಂದೆ ಸರಿದಳು.