ಸ್ನೇಹಾಳ ಎಡಗೈ

ಪಂಕಜಾಕ್ಷಿ ಪ್ರತಿ ಸೋಮವಾರ ನನ್ನ ಪಾದ ತೊಳೆಯುತ್ತಿದ್ದಳು. ತಾಮ್ರದ ತಟ್ಟೆಯಲ್ಲಿ ಕಾಲಿಡಿಸಿ ನೀರು ಹಾಕಿ, ಆ ನೀರನ್ನು ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದಳು. ಮಗಳು ಸತ್ತ ಮೇಲೆ ಮೂರು ವರ್ಷ ಒಂದು ವಾರವೂ ತಪ್ಪಿಸಲಿಲ್ಲ. ಅವಳು ಹಾಸನ, ಬೆಂಗಳೂರು, ದೆಹಲಿ ಎಂದು ಅಲೆದು ಹುಡುಕುತ್ತಿದ್ದ ಸಾಕ್ಷಿ ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಕಾಲು ಚಾಚುತ್ತಿದ್ದೆ.

ನಾನು ಸಿದ್ದಯ್ಯ, ಆಲೂರಿನ ಪಕ್ಕದ ನಮ್ಮೂರಿಗೆ ಅಯ್ಯನವರು. ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಸತ್ತವರನ್ನು ಸಮಾಧಿಯಲ್ಲಿ ಕೂರಿಸುವವರೆಗೆ ಎಲ್ಲವೂ ನನ್ನ ಕೈಯಿಂದಲೇ ಆಗಬೇಕು. ಆ ಹಮ್ಮು ನನಗೆ ಚೆನ್ನಾಗಿಯೇ ಇತ್ತು.

ಪಂಕಜಾಕ್ಷಿಯ ಮಗಳು ಸ್ನೇಹಾ ಕೊಲ್ಲಿಯ ದೇಶವೊಂದಕ್ಕೆ ಹೋಗಿದ್ದು ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸಕ್ಕೆ. ಒಂಬತ್ತನೇ ತಿಂಗಳಿಗೆ ಪೆಟ್ಟಿಗೆಯಲ್ಲಿ ವಾಪಸು ಬಂದಳು. ನಾಲ್ಕನೇ ಮಹಡಿಯ ಕಿಟಕಿ ಹತ್ತಿ ತಾನೇ ಹಾರಿದಳು ಎಂದು ಜತೆಗಿದ್ದ ಕಾಗದ ಹೇಳುತ್ತಿತ್ತು. ಪಂಕಜಾಕ್ಷಿ ಅದನ್ನು ನಂಬಲಿಲ್ಲ. ಸಾಯುವ ನಾಲ್ಕು ದಿನ ಮುಂಚೆ ಮಗಳು ಫೋನಿನಲ್ಲಿ ಅತ್ತಿದ್ದಳು: "ಮನೆಗ್ ಕಳ್ಸಿ ಅಂದಿದ್ಕೆ ಕೈ ಕಟ್ಟಾಕ್ತಾರೆ ಕಣವ್ವ."

"ಕೈ ಕಟ್ಟಿದ್ರೆ ಕಿಟಕಿ ಹೆಂಗ್ ಹತ್ತಾಳು ಅಯ್ನೋರೆ?" ಎಂದು ಪಂಕಜಾಕ್ಷಿ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಕೇಳಿದಳು. ನಾನು ಏನೋ ಸಮಾಧಾನ ಹೇಳಿದೆ.

ಪೆಟ್ಟಿಗೆಗೆ ಸೀಲ್ ಹಾಕಿದ್ದರು. ತೆರೆಯಬೇಡಿ, ಹಾಗೇ ಹೂಳಿ ಎಂದು ತಂದವನು ಹೇಳಿಹೋಗಿದ್ದ. ನಮ್ಮಲ್ಲಿ ಮಲಗಿಸಿ ಹೂಳುವುದಿಲ್ಲ. ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬಿ ಮಣ್ಣು ಮಾಡಬೇಕು. "ಯಾವನೋ ಸೀಲ್ ಹೊಡ್ದ ಅಂತ ಶಿವನತ್ರ ಮಲಗಿಸಿ ಕಳ್ಸಕಾಯ್ತದಾ?" ಎಂದು ರೇಗಿ, ಹಾರೆ ತರಿಸಿ ನಾನೇ ಒಡೆಸಿದೆ. ಔಷಧಿಯ ವಾಸನೆಗೆ ಜನ ಹಿಂದೆ ಸರಿದರು. ಹೆಂಗಸರು ದೂರದಿಂದಲೇ ನೀರು ಚಿಮುಕಿಸಿ ಸ್ನಾನದ ಶಾಸ್ತ್ರ ಮುಗಿಸಿದರು.

ಅವಳನ್ನು ಇಳಿಸಿದವರು ಮೇಲೆ ಹತ್ತಿದರು. ಗುಂಡಿಯೊಳಗೆ ನಾನೊಬ್ಬನೇ ಉಳಿದೆ. ಲಿಂಗವಿಡಲೆಂದು ಎಡಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಮಣಿಕಟ್ಟಿನ ಸುತ್ತ ಒಂದು ಬಿಳಿ ಪ್ಲಾಸ್ಟಿಕ್ ಪಟ್ಟಿ ಇತ್ತು. ಕರೆಂಟಿನವರು ವೈರುಗಳನ್ನು ಸೇರಿಸಿ ಬಿಗಿಯುತ್ತಾರಲ್ಲ, ಎಳೆದಷ್ಟೂ ಬಿಗಿಯಾಗುವ, ಮತ್ತೆ ಸಡಿಲವೇ ಆಗದ ಪಟ್ಟಿ, ಅದು. ಚರ್ಮದೊಳಕ್ಕೆ ಇಳಿದುಹೋಗಿತ್ತು.

ಹುಡುಗಿ ಹೇಳಿದ್ದು ನಿಜವಾಗಿತ್ತು. ಮೇಲೆ ಅವಳ ತಾಯಿ ನಿಂತಿದ್ದಳು, ನನ್ನ ಬೆನ್ನು ಅಡ್ಡವಾಗಿ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಈಗ ಬಾಯಿ ಬಿಟ್ಟರೆ ಪೊಲೀಸರು ಬರುತ್ತಾರೆ, ಕೂರಿಸಿದ ದೇಹವನ್ನು ಎತ್ತಿ ಕೊಯ್ಯಲು ಒಯ್ಯುತ್ತಾರೆ, ಸೀಲ್ ಒಡೆದವನು ಯಾರು ಎಂದು ಕೇಳುತ್ತಾರೆ. ನನಗೆ ಹೆದರಿಕೆಯಾಯಿತು. ಹೂವಿನ ದಾರ ಕತ್ತರಿಸಲು ತಂದಿದ್ದ ಚಾಕುವಿನಿಂದ ಪಟ್ಟಿ ಕತ್ತರಿಸಿ ಅವಳ ಮಡಿಲಿಗೆ ಹಾಕಿ, ಮೇಲೆ ವಿಭೂತಿ ಸುರಿದೆ. "ನೆಮ್ಮದಿಯಾಗ್ ಕೂತವ್ಳೆ ಕಣವ್ವ" ಎಂದು ತಾಯಿಗೆ ಹೇಳಿದೆ.

ಪಂಕಜಾಕ್ಷಿ ಆಲೂರು ಬಸ್ ಸ್ಟ್ಯಾಂಡಿನ ಹತ್ತಿರ ರವಿಕೆ ಹೊಲಿಯುತ್ತಿದ್ದಳು. ಆಮೇಲೆ ಅಂಗಡಿ ಬಾಗಿಲು ತೆರೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಕೊನೆಗೆ ಸಕಲೇಶಪುರದ ವಕೀಲೆ ಹೇಮಶ್ರೀ ಕೇಸು ಹಿಡಿದಳು. ಹೈಕೋರ್ಟು ದೆಹಲಿಗೆ ಹೇಳಿತು, ದೆಹಲಿಯವರು ಎರಡು ದೇಶಗಳ ಒಪ್ಪಂದದ ಪ್ರಕಾರ ಆ ದೇಶಕ್ಕೆ ಬರೆದರು. ಎರಡೂವರೆ ವರ್ಷಕ್ಕೆ ಅಲ್ಲಿನ ಕೋರ್ಟಿನಿಂದ ಒಂದು ಪುಟದ ಉತ್ತರ ಬಂತು. ತಾಯಿಯ ಮಾತೊಂದೇ ಸಾಲದು. ಕೈ ಕಟ್ಟಿದ್ದಕ್ಕೆ ವಸ್ತುರೂಪದ ಸಾಕ್ಷಿಯಿದ್ದರೆ ಅರವತ್ತು ದಿನದೊಳಗೆ ನಿಮ್ಮ ಕೋರ್ಟಿನ ಮೂಲಕ ಕಳಿಸಿ. ಇಲ್ಲದಿದ್ದರೆ ಕಡತ ಶಾಶ್ವತವಾಗಿ ಮುಚ್ಚುತ್ತದೆ.

ಅವಳು ಮಗಳ ಸೂಟ್‌ಕೇಸಿನ ಒಳಪದರವನ್ನೆಲ್ಲ ಹೊಲಿಗೆ ಬಿಚ್ಚಿ ನೋಡಿದಳು. ಏನೂ ಸಿಗಲಿಲ್ಲ. ಆ ಸೋಮವಾರ ನನ್ನ ಕಾಲು ತೊಳೆಯುತ್ತಾ ಕೇಳಿದಳು: "ಕೊನೇಲಿ ಕೈ ಮುಟ್ಟಿದ್ದು ನೀವು. ಏನಾರ ಗುರ್ತು ಕಂಡಿತ್ತಾ ಅಯ್ನೋರೆ?"

"ಆ ಗುಂಡಿಯೊಳ್ಗೆ ಏನ್ ಕಾಣ್ತದವ್ವ," ಎಂದೆ. ಅವಳು ತಟ್ಟೆ ಎತ್ತಿ ನೀರು ಕುಡಿದಳು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಆದರೂ ಕಾಲು ಒರೆಸಿಕೊಂಡು ಎದ್ದೆ.

ಐವತ್ತೆರಡನೇ ದಿನ ಆಲೂರು ಕೋರ್ಟಿನಲ್ಲಿ ಹೇಳಿಕೆ ಬರೆದುಕೊಳ್ಳುವುದಿತ್ತು. ಸಂಸ್ಕಾರ ಮಾಡಿಸಿದವನೆಂದು ನನ್ನ ಹೆಸರೂ ಇತ್ತು. ಹೊರಗಿನ ಬೆಂಚಿನಲ್ಲಿ ಪಂಕಜಾಕ್ಷಿ ನನ್ನ ಪಕ್ಕ ಕೂತಿದ್ದಳು. ಮೆಲ್ಲಗೆ ಅಂದಳು: "ಅವ್ಳು ಫೋನ್ನಾಗೆ ಹಂಗಂದಿದ್ದು ದಿಟವಾ ಅಂತ ನಂಗೇ ಅನುಮಾನ ಬಂದ್ಬುಟ್ಟೈತೆ. ಸಂಕಟಕ್ಕೆ ನಾನೇ ಕಟ್ಕೊಂಡ್ನೇನೋ. ಅವ್ಳೇ ಹಾರಿದ್ಲೇನೋ ಅಯ್ನೋರೆ."

ಮೂರು ವರ್ಷ ಜಗತ್ತೆಲ್ಲ ಹೇಳಿದರೂ ಅವಳು ಒಪ್ಪದ ಮಾತು ಅದು. ನನ್ನ ಮೌನ ಅವಳ ಬಾಯಲ್ಲಿ ಅದನ್ನು ಆಡಿಸಿತ್ತು.

ಒಳಗೆ ಪ್ರಮಾಣ ಮಾಡಿಸಿದರು. ದೇಹದ ಮೇಲೆ ಏನಾದರೂ ಕಂಡಿತೇ ಎಂದು ಜಡ್ಜ್ ಕೇಳಿದರು.

"ಎಡಗೈಗೆ ಪಟ್ಟಿ ಬಿಗ್ದಿದ್ರು ಸ್ವಾಮಿ. ನಾನೇ ಕತ್ತರಿಸಿ ಸಮಾಧಿ ಒಳಗಾಕ್ದೆ. ಈಗ್ಲೂ ಅಲ್ಲೇ ಐತೆ."

ಟೈಪಿಂಗ್ ನಿಂತಿತು. ಹಿಂದೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ಐವತ್ತಾರನೇ ದಿನ ಸಕಲೇಶಪುರದ ಎ.ಸಿ. ಸಾಹೇಬರ ಆದೇಶದ ಮೇಲೆ ಸಮಾಧಿ ತೆಗೆಯಲು ಬಂದರು. ಊರಿನ ಒಬ್ಬನೂ ಗುದ್ದಲಿ ಮುಟ್ಟಲಿಲ್ಲ. ಸಮಾಧಿ ತೆಗೆದವನ ವಂಶ ಉಳಿಯುವುದಿಲ್ಲ ಎಂದು ನಲವತ್ತು ವರ್ಷ ಅವರನ್ನು ಹೆದರಿಸಿದ್ದವನು ನಾನೇ. ಹಾಗಾಗಿ ನಾನೇ ಅಗೆದೆ. ಮಣ್ಣು ಒದ್ದೆಯಾಗಿತ್ತು, ಕಾಫಿ ಗಿಡದ ಬೇರು ಒಳಗೆಲ್ಲ ಹಬ್ಬಿತ್ತು. ಎರಡು ಸಲ ಕುಸಿದು ಕೂತೆ. ಪಂಕಜಾಕ್ಷಿ ದಿಬ್ಬದ ಮೇಲೆ ನಿಂತು ನೋಡುತ್ತಿದ್ದಳು. ಕೋರ್ಟಿನ ದಿನದಿಂದ ನನ್ನೊಂದಿಗೆ ಒಂದು ಮಾತೂ ಆಡಿರಲಿಲ್ಲ.

ಮೂಳೆಗಳ ನಡುವೆ, ಹೆಪ್ಪುಗಟ್ಟಿದ ವಿಭೂತಿಯಲ್ಲಿ ಪಟ್ಟಿ ಸಿಕ್ಕಿತು. ಬಣ್ಣವೂ ಮಾಸಿರಲಿಲ್ಲ. ಡಾಕ್ಟರು ಚಿಮಟದಲ್ಲಿ ಎತ್ತಿ ಕವರಿಗೆ ಹಾಕಿ ಸೀಲ್ ಮಾಡಿಸಿದರು.

"ಇಷ್ಟು ಸಾಕಾ ಮೇಡಂ?" ಎಂದು ಹೇಮಶ್ರೀಯನ್ನು ಕೇಳಿದೆ.

"ಕಳಿಸ್ತೀನಿ. ಆದರೆ ಇದನ್ನ ನೀವೇ ಆಮೇಲೆ ಹಾಕಿದ್ದು ಅಂತ ಅವರು ಅಂದರೆ ನನ್ನ ಹತ್ತಿರ ಉತ್ತರ ಇಲ್ಲ ಅಯ್ಯನವರೇ. ಅವತ್ತೇ ಹೇಳಿದ್ದರೆ ಚರ್ಮದ ಮೇಲಿನ ಗಾಯವೇ ಸಾಕ್ಷಿ ಆಗ್ತಿತ್ತು. ಈಗ ಚರ್ಮ ಎಲ್ಲಿದೆ?" ಅವಳ ದನಿಯಲ್ಲಿ ಕೋಪವಿರಲಿಲ್ಲ, ಸುಸ್ತು ಇತ್ತು.

ಮತ್ತೆ ಸಂಸ್ಕಾರವಾಗಬೇಕಿತ್ತು. ಸಿಕ್ಕ ಲಿಂಗವನ್ನು ತೊಳೆದು ಗುಂಡಿಗಿಳಿದೆ. ಪಂಕಜಾಕ್ಷಿ ಸೀರೆ ಎತ್ತಿ ಕಟ್ಟಿ ತಾನೂ ಇಳಿದು ಬಂದಳು. ನಮ್ಮಲ್ಲಿ ಹೆಂಗಸರು ಇಳಿಯುವುದಿಲ್ಲ. ಯಾರೂ ತಡೆಯಲಿಲ್ಲ.

"ಮ್ಯಾಕ್ ಹತ್ತಿ ಅಯ್ನೋರೆ."

"ಮಂತ್ರ ಹೇಳ್ಬೇಕು ಕಣವ್ವ..."

"ಮೂರ್ ವರ್ಸ ನಿಮ್ ಕಾಲ್ ತೊಳ್ದ ನೀರ್ ಕುಡ್ದೀನಿ. ಅದ್ನ ಈಗ ಈಚೆಗ್ ತೆಗ್ಯಾಕ್ ಆಗಾಕಿಲ್ಲ. ನನ್ ಮಗಳ ಕೈನಾರ ಬುಟ್ಬುಡಿ."

ಲಿಂಗವನ್ನು ಅವಳಿಗೆ ಕೊಟ್ಟು ಮೇಲೆ ಹತ್ತಿದೆ. ಯಾರೂ ನನಗೆ ಕೈ ಕೊಡಲಿಲ್ಲ.

ಅವಳು ಎಡಗೈಯ ಸಣ್ಣ ಮೂಳೆಗಳನ್ನು ಒಂದೊಂದಾಗಿ ಆರಿಸಿ ತನ್ನ ಅಂಗೈಯಲ್ಲಿ ಜೋಡಿಸಿಕೊಂಡಳು. ಸೆರಗಿನಿಂದ ಮಣ್ಣು ಒರೆಸಿದಳು. ಅವುಗಳ ಮೇಲೆ ಲಿಂಗವಿಟ್ಟು, ಮಗಳ ಮುಖ ಇರಬೇಕಾಗಿದ್ದ ಕಡೆಗೆ ಬಗ್ಗಿ ಹೇಳಿದಳು:

"ನೀನಂದಿದ್ದು ದಿಟ ಕಣ್ ಮಗ. ನಾನೇ ಅನುಮಾನ ಪಟ್ಬುಟ್ಟೆ."