ಕಂಪ್ಯೂಟರಿನೊಳಗಿನ ಹತ್ತು ಬಾಟಲಿ

ಹಾವು ಕಚ್ಚಿದ ಬೀರಲಿಂಗನನ್ನು ಜೋಳದ ಹೊಲದಿಂದ ಸರಕಾರಿ ದವಾಖಾನೆಗೆ ಹೊತ್ತು ತಂದಾಗ, ಔಷಧಿ ಕೊಡುವ ದಾನೇಶ್ವರಿ ಕಪಾಟಿನ ಬಾಗಿಲು ತೆರೆದು ನಿಂತಳು. ಹಾವಿನ ವಿಷಕ್ಕೆ ಕೊಡುವ ಔಷಧಿ ಒಂದು ಬಾಟಲಿಯೂ ಇರಲಿಲ್ಲ.

“ಕಂಪ್ಯೂಟರ್ ಹತ್ತು ಬಾಟಲಿ ತೋರಸ್ತೈತಲ್ರಿ!” ಎಂದರು ಡಾಕ್ಟರು.

“ಹಂಗಾರ ಅದನ್ನ ಒಡದು ತಗೀಯವ್ವಾ!” ಬೀರಲಿಂಗನ ತಾಯಿ ರಂಗವ್ವ ಚೀರಿದಳು. “ನನ್ನ ಮಗನ ರೆಪ್ಪಿ ಜೋತುಬಿದ್ದಾವು.”

ಹೋದ ತಿಂಗಳು ಆ ಹತ್ತನ್ನೂ ದಾನೇಶ್ವರಿ ಪಕ್ಕದೂರಿನ ದವಾಖಾನೆಯಲ್ಲಿ ಔಷಧಿ ಕೊಡುವ ಅಮರೇಶನಿಗೆ ಬಾಯಿಮಾತಿನ ಮೇಲೆ ಕೊಟ್ಟಿದ್ದಳು. ನಮ್ಮವನೇ, ತಿರುಗಿ ಕೊಡುತ್ತಾನೆ ಎಂದುಕೊಂಡು ಎಲ್ಲೂ ಬರೆದಿರಲಿಲ್ಲ. ಕಂಪ್ಯೂಟರಿನಲ್ಲಿ ದಾಸ್ತಾನಿದೆಯಲ್ಲ ಎಂದು ಜಿಲ್ಲಾ ಉಗ್ರಾಣದವರು ಹೊಸದು ಕಳಿಸಿರಲಿಲ್ಲ.

ಫೋನಿನಲ್ಲಿ ಅಮರೇಶ, “ಹೊಂಟೇನಕ್ಕಾ, ಆದ್ರ ಆರs ಉಳದಾವು,” ಎಂದ.

ದೊಡ್ಡ ದವಾಖಾನೆಗೆ ಒಯ್ಯುವ ಆಂಬುಲೆನ್ಸು ಇಳಕಲ್ಲಿನಿಂದ ಬರಲು ಮುಕ್ಕಾಲು ತಾಸು ಬೇಕಿತ್ತು. ದಾನೇಶ್ವರಿ ಬಾಗಿಲಿಗೂ ಮಂಚಕ್ಕೂ ಎಷ್ಟು ಸಲ ಓಡಾಡಿದಳೋ! ಕೊನೆಗೆ ಅಮರೇಶನ ಬೈಕು ಬಂತು. ಆರೂ ಬಾಟಲಿ ಸಲೈನಿನೊಳಗೆ ಇಳಿದವು. ಆಂಬುಲೆನ್ಸು ಹತ್ತಿಸುವಾಗ ಬೀರಲಿಂಗ ಕಣ್ಣು ಅರೆತೆರೆದು, “ಯವ್ವಾ, ನೀರು,” ಎಂದ.

ದಾನೇಶ್ವರಿ ಒಳಗೆ ಬಂದು ಕಂಪ್ಯೂಟರಿನಲ್ಲಿ ಹತ್ತನ್ನು ಅಳಿಸಿ ಸೊನ್ನೆ ಹಾಕಿದಳು.

“ಮ್ಯಾಲಿನವರು ಬೈತಾರಕ್ಕಾ,” ಎಂದ ಅಮರೇಶ.

“ಬೈಲಿ. ಬೈದ ಮ್ಯಾಲರೆ ಔಷಧ ಕಳಸ್ತಾರ. ನಿಮ್ಮಲ್ಲೂ ಈಗ ಒಂದೂ ಉಳದಿಲ್ಲ, ನೀನೂ ಹೋಗಿ ಸೊನ್ನಿ ಹಾಕು.”